ವಾಸ್ತುಶಿಲ್ಪಿ ಬೇಕಾಗಿದ್ದಾರೆ

ಹೋದ ತಿಂಗಳು ನಮ್ಮೂರಿನ ವಾಚನಾಲಯದಲ್ಲಿ ಒಂದು ಸಂತಾಪ ಸಭೆ ನಡೆಯಿತು. ತೀರಿಕೊಂಡವರನ್ನು ಕುರಿತು ಎರಡು ಮಾತು ಆಡಬೇಕೆಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಆಡಿದ ಎರಡು ಮಾತನ್ನೂ ಯಾರೂ ನಂಬಲಿಲ್ಲ. ಬರೆದರೆ ನಂಬಬಹುದೇನೋ ಎಂದು ಬರೆಯುತ್ತಿದ್ದೇನೆ. ಅಚ್ಚಾದದ್ದನ್ನು ನಂಬುವ ಅಭ್ಯಾಸ ನಮ್ಮ ಕಡೆ ಇನ್ನೂ ಸ್ವಲ್ಪ ಉಳಿದಿದೆ.

ತೀರಿಕೊಂಡವರು ನಮ್ಮ ವಾಚನಾಲಯವನ್ನೂ ಅದಕ್ಕೆ ಅಂಟಿಕೊಂಡಿದ್ದ ಕಲಾಮಂದಿರವನ್ನೂ ದೊಡ್ಡದು ಮಾಡಲು ನಕ್ಷೆ ಹಾಕಿಕೊಟ್ಟವರು. ಪಾವಗಡದವರು. ಅವರ ಹೆಸರು ಬರೆಯುವುದಿಲ್ಲ. ಕಟ್ಟಡದ ಮುಂದಿನ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತೇವೆ ಎಂದಾಗ ಅವರು ಆ ಕಲ್ಲನ್ನು ಅಂಗೈಯಿಂದ ಸವರಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಕಲ್ಲು ಚೆನ್ನಾಗಿದೆ ಕದಾ, ಯಾಕೆ ಕೆಡಿಸ್ತೀರಾ?" ಎಂದಿದ್ದರು. ಕಲ್ಲಿಗೆ ಬೇಡವಾದದ್ದು ಕಾಗದಕ್ಕೂ ಬೇಡ.

ನಮ್ಮದು ಮಧುಗಿರಿಗೂ ಕೊರಟಗೆರೆಗೂ ನಡುವಿನ ಒಂದು ಊರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ರಾಗಿ ಹಿಟ್ಟಿನ ಮಿಲ್ಲು ನಡೆಸಿದವನು. ವಾಚನಾಲಯದ ದಕ್ಷಿಣಕ್ಕೆ ಸಂತೆ ಬೀದಿ. ಬೀದಿಯ ಈ ಕಡೆ ನನ್ನ ಮಿಲ್ಲು, ಹಿಂದೆಯೇ ಮನೆ, ಮಿಲ್ಲಿನ ಮುಂದೆ ಜಗಲಿ. ವಾಚನಾಲಯ ಮತ್ತು ಕಲಾಮಂದಿರದ ಸಮಿತಿಗೆ ನಾನೇ ಕಾರ್ಯದರ್ಶಿ. ನಿವೃತ್ತ ಹೆಡ್‌ಮಾಸ್ಟರು ಅಧ್ಯಕ್ಷರು. ಪೌರಾಣಿಕ ನಾಟಕಗಳನ್ನು ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಕಲಾಮಂದಿರದ ಕಡೆಯಿಂದ ಸದಸ್ಯರು. ಉಳಿದವರು ಕೈ ಎತ್ತಿ ಎಂದಾಗ ಎತ್ತುತ್ತಿದ್ದರು.

ಹಳೆಯ ವಾಚನಾಲಯ ಅಂದರೆ ಒಂದೇ ಕೋಣೆ. ಪೂರ್ವದ ಓಣಿಯಲ್ಲಿ ಅದರ ಬಾಗಿಲು. ಓಣಿಯಲ್ಲಿ ಚರಂಡಿ, ಚರಂಡಿಯ ಮೇಲೊಂದು ಅಲ್ಲಾಡುವ ಚಪ್ಪಡಿ. ಓದುವ ಆಸೆ ಇದ್ದವರು ಚಪ್ಪಡಿ ದಾಟಿ ಬರುತ್ತಿದ್ದರು. ಪಕ್ಕದ ಕಲಾಮಂದಿರದಲ್ಲಿ ನಾಟಕದ ತಾಲೀಮು ಶುರುವಾದರೆ ಅವರೂ ಎದ್ದು ಹೋಗುತ್ತಿದ್ದರು. ಎರಡನ್ನೂ ವಿಸ್ತರಿಸಬೇಕು, ಅದಕ್ಕೆ ಸರಿಯಾದ ಆರ್ಕಿಟೆಕ್ಟ್ ಒಬ್ಬರನ್ನು ಗೊತ್ತು ಮಾಡಬೇಕು ಎಂದು ತೀರ್ಮಾನವಾಯಿತು. ಪ್ರಕಟಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದ ವಾಚನಾಲಯಕ್ಕೆ ಇಂಗ್ಲಿಷ್ ಪದ ಯಾಕೆ ಎಂದುಕೊಂಡು ನಾನು, 'ನುರಿತ ವಾಸ್ತುಶಿಲ್ಪಿ ಬೇಕಾಗಿದ್ದಾರೆ, ಖುದ್ದಾಗಿ ಬಂದು ಕಾಣುವುದು' ಎಂದು ಬರೆದೆ. ಸಿರಾ, ಮಧುಗಿರಿ, ಪಾವಗಡದ ಬಸ್‌ಸ್ಟ್ಯಾಂಡುಗಳಲ್ಲಿ ಅಂಟಿಸಿಯೂ ಆಯಿತು.

ಮೂವರು ಬಂದರು. ಮೊದಲನೆಯವರು ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡು, ದಿಕ್ಸೂಚಿ ಹಿಡಿದು ಬಂದ ವಾಸ್ತು ಪಂಡಿತರು. ಪ್ರಕಟಣೆಯಲ್ಲಿ ಅವರು ಓದಿದ್ದು ವಾಸ್ತು ಎನ್ನುವಷ್ಟನ್ನೇ. ಎರಡನೆಯವರು ಸಿರಾ ಕಡೆಯ ಕಲ್ಲುಕುಟಿಗರು. ಅವರು ಶಿಲ್ಪಿ ಎನ್ನುವಷ್ಟನ್ನು ಓದಿದ್ದರು. ಕೈಚೀಲದಿಂದ ಗೇಣುದ್ದದ ಬಸವಣ್ಣನನ್ನು ತೆಗೆದು ಮೇಜಿನ ಮೇಲಿಟ್ಟು, "ಮೂರ್ತಿ ಎಷ್ಟಡಿ ಬೇಕು ಸಾಮಿ?" ಎಂದರು. ಎರಡನ್ನೂ ಸೇರಿಸಿ ಓದಿಕೊಂಡು ಬಂದವರು ಇವರೊಬ್ಬರೇ.

ಸಣ್ಣಗೆ, ಎತ್ತರಕ್ಕೆ ಇದ್ದರು. ಟೈರಿನ ಅಟ್ಟೆ ಹಾಕಿಸಿದ ಚಪ್ಪಲಿ. ಬಗಲಲ್ಲಿ ನಕ್ಷೆಗಳ ಉದ್ದನೆಯ ಕೊಳವೆ. ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಅಳತೆ ಟೇಪು. ಕೊಳವೆಯನ್ನು ನೋಡಿದ ಹಾರ್ಮೋನಿಯಂ ಮೇಷ್ಟ್ರು ನನ್ನ ಕಿವಿಯಲ್ಲಿ, "ಜಾತಕ ಬರೆಯೋರು ಇರಬೇಕು ಕಣ್ರೀ, ಇಷ್ಟುದ್ದ ಯಾರ್ದೋ?" ಎಂದರು.

ಪಂಡಿತರು ಹಳೆಯ ಕೋಣೆಯ ಅರ್ಧವನ್ನು ಕೆಡವಬೇಕು ಎಂದರು. ಇವರು ಏನನ್ನೂ ಹೇಳಲಿಲ್ಲ, ಕೇಳಿದರು.

"ನೀವೆಲ್ಲ ವಾಚನಾಲಯದಲ್ಲಿ ಯಾವ ಜಾಗದಲ್ಲಿ ಕೂತು ಓದ್ತೀರಿ?"

ಹೆಡ್‌ಮಾಸ್ಟರು ಕೆಮ್ಮಿ, "ನಾವು ಸಮಿತಿಯವರು. ನಮಗೆ ಓದೋಕೆ ಪುರುಸೊತ್ತಾಗಲ್ಲ" ಎಂದರು.

"ಹಂಗಾದ್ರೆ ಈಗ ಒಂದು ಸಲ ಕೂತ್ಕೊಳ್ಳಿ."

ಕೂತೆವು. ಅವರು ಟೇಪು ತೆಗೆದು ಒಬ್ಬೊಬ್ಬರ ಮೊಣಕಾಲು ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆದರು. ನಮ್ಮನ್ನು ಆರಿಸುವ ಸಂದರ್ಶನ ನಡೆಯುತ್ತಿದೆಯೋ, ನಾವು ಅವರನ್ನು ಆರಿಸುತ್ತಿದ್ದೇವೆಯೋ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಕಲ್ಲುಕುಟಿಗರು ಬಸವಣ್ಣನನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ನಿಮಗೆ ಬೇಕಾಗಿರೋದು ಈವಯ್ಯ ಕಣ್ರಪ್ಪ, ನಾನು ಬರ್ತೀನಿ" ಎಂದು ಎದ್ದು ಹೋದರು. ಪಂಡಿತರು ಎದ್ದು ಹೋಗಲಿಲ್ಲ. ನಾವೇ ಅವರನ್ನು ಬಸ್ಸು ಹತ್ತಿಸಬೇಕಾಯಿತು.

ಹೀಗೆ ಪಾವಗಡದವರನ್ನು ಗೊತ್ತು ಮಾಡಿದೆವು. ಆದರೆ ಊರಿಗೆ ಮೊದಲೇ ಸುದ್ದಿ ಹೋಗಿತ್ತು. ಪ್ರಕಟಣೆ ಓದಿದವರು ವಾಸ್ತು ಎನ್ನುವ ಪದವನ್ನು ನೆನಪಿಟ್ಟುಕೊಂಡಿದ್ದರು. ವಾಸ್ತುದವರು ಬಂದಿದ್ದಾರೆ ಎಂದು ಜನ ಅವರನ್ನು ಮನೆಗೆ ಕರೆಯತೊಡಗಿದರು. ಮೊದಲು ಕರೆದವರು ಹೆಡ್‌ಮಾಸ್ಟರೇ. ಅವರ ಹೆಂಡತಿಗೆ ಬಹಳ ದಿನದ ಕೆಮ್ಮು.

"ನಮ್ಮ ಅಡುಗೆಮನೆ ಸರಿಯಾದ ಮೂಲೇಲಿ ಇಲ್ಲ ಅಂತಾರೆ ಸಾರ್. ಅದಕ್ಕೇ ಇಂಗಾಗಿದೆಯೋ ಏನೋ."

ಅವರು ಅಡುಗೆಮನೆಗೆ ಹೋಗಿ ಹೊಗೆಯಲ್ಲಿ ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು ಆಚೆ ಬಂದರು. "ಗಾಳಿ ಈ ಕಡೆಯಿಂದ ಬರುತ್ತೆ. ಇಲ್ಲೊಂದು ಕಿಟಕಿ ಇಡಿಸಿ" ಎಂದರು. ಕಿಟಕಿ ಇಟ್ಟ ಮೇಲೆ ಕೆಮ್ಮು ನಿಂತಿತು. ದೋಷ ಪರಿಹಾರವಾಯಿತು ಎಂದು ಹೆಡ್‌ಮಾಸ್ಟರು ಊರೆಲ್ಲ ಹೇಳಿದರು. ಆಮೇಲೆ ಪಾವಗಡದವರು ಊರಿಗೆ ಬಂದರೆ ಸಾಕು, ಟೀ ಅಂಗಡಿಯ ಮುಂದೆ ನಾಲ್ಕು ಜನ ಕಾಯುತ್ತಿದ್ದರು. ಎಲ್ಲರಿಗೂ ಅವರದು ಹೆಚ್ಚು ಕಡಿಮೆ ಒಂದೇ ಉತ್ತರ, ಕಿಟಕಿ. ಹಾಲು ಕೊಡದ ಎಮ್ಮೆಗೂ ಕೊಟ್ಟಿಗೆಯಲ್ಲಿ ಕಿಟಕಿ ಇಡಿಸಿದರು ಎಂದು ಹೇಳುತ್ತಾರೆ. ಎಮ್ಮೆ ಆಮೇಲೆ ಏನು ಮಾಡಿತೋ ಗೊತ್ತಿಲ್ಲ.

"ನೀವು ವಾಸ್ತುದವರಲ್ಲ ಅಂತ ಹೇಳಿಬಿಡಿ ಸಾರ್" ಎಂದು ನಾನು ಒಂದು ಸಲ ಹೇಳಿದೆ.

"ಕಿಟಕಿ ಇಡ್ತಾ ಅವ್ರಲ್ಲ ಯಜಮಾನ್ರೇ. ಯಾಕೆ ಇಟ್ಟಿರಿ ಅಂತ ಗಾಳಿ ಕೇಳಲ್ಲ" ಎಂದರು. ಸಕ್ಕರೆ ಇಲ್ಲದ ಟೀ ಕುಡಿದು, ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡರು. ಊಟಕ್ಕೆ ಕರೆದರೆ, "ನೋಡಾಣ" ಎನ್ನುತ್ತಿದ್ದರು. ಆಗಲ್ಲ ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ. ನೋಡಾಣ ಅಂದರೆ ಆಗಲ್ಲ ಎಂದು ನಮಗೆ ಅರ್ಥವಾಗಲು ಕೆಲವು ಊಟ ವ್ಯರ್ಥವಾದವು.

ನಕ್ಷೆ ಹಾಕುವ ಮೊದಲು ಅವರು ಬಹಳ ಸಂತೆಗಳಿಗೆ ಬಂದರು. ಸಂತೆಗೆ ಬಂದವರನ್ನು ನಿಲ್ಲಿಸಿ ಅಳೆಯುತ್ತಿದ್ದರು. ವಾಚನಾಲಯದ ದಕ್ಷಿಣ ಗೋಡೆಗೆ ಒರಗಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವ ಸಣ್ಣಕ್ಕ ಎನ್ನುವ ಹೆಂಗಸು ಇದ್ದಳು, ಈಗಲೂ ಇದ್ದಾಳೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಅವಳನ್ನು ಅವರು ಹಾಗೇ ನಿಲ್ಲಿಸಿ, ನೆಲದಿಂದ ಬುಟ್ಟಿಯ ಅಂಚಿನವರೆಗೆ ಟೇಪು ಹಿಡಿದರು.

"ಏನಪ್ಪಾ ಇದು, ರವಿಕೆ ಹೊಲಿಸಿಕೊಡ್ತೀಯಾ?" ಎಂದಳು ಸಣ್ಣಕ್ಕ. ಸಂತೆಯೆಲ್ಲ ನಕ್ಕಿತು.

"ಬುಟ್ಟಿಗೂ ಸೇರಿಸಿ ಹೊಲಿಸ್ತೀನಿ ಕಣಮ್ಮ. ಅಲ್ಲಾಡಬೇಡ."

ಅವತ್ತಿನಿಂದ ಸಂತೆಯಲ್ಲಿ ಅವರಿಗೆ ಟೇಪಪ್ಪ ಎಂದು ಹೆಸರಾಯಿತು. ಊರಿಗೆ ವಾಸ್ತುದವರು, ಸಂತೆಗೆ ಟೇಪಪ್ಪ.

ಒಂದು ದಿನ ನನ್ನ ಜಗಲಿಯ ಎದುರು ನಿಂತು ಬಹಳ ಹೊತ್ತು ನೋಡಿದರು. ನನ್ನ ಜಗಲಿಯ ಬಗ್ಗೆ ಇಲ್ಲಿ ಹೇಳಬೇಕು. ಸಂತೆಯ ದಿನ ರಾಗಿ ಬೀಸಿಸಲು ಬಂದವರು, ಬರದವರು ಎಲ್ಲ ಅಲ್ಲಿ ಸೇರುತ್ತಿದ್ದರು. ನಾನು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಯಾವ ಸುದ್ದಿಯನ್ನು ಓದಬೇಕು, ಯಾವುದನ್ನು ಬಿಡಬೇಕು ಎನ್ನುವುದು ನನ್ನ ಇಷ್ಟ. ಕೆಲವರು ಜಗಲಿಯ ಮೇಲೆ ಕೂರುತ್ತಿದ್ದರು. ಕಂಬಳಿ ಹೊದ್ದ ಕುರಿಯವರು, ಸೊಪ್ಪಿನವರು, ಕೂಲಿಯವರು ಕೆಳಗೆ ಮಣ್ಣಿನಲ್ಲಿ ಕೂರುತ್ತಿದ್ದರು.

"ಅವರು ಯಾಕೆ ಕೆಳಗೆ ಕೂತವ್ರೆ?" ಎಂದು ಕೇಳಿದರು.

"ಅದು ಅವರ ಅಭ್ಯಾಸ ಸಾರ್. ನಾನೇನು ಹೇಳಿಲ್ಲ."

ಅದು ನಿಜ. ನಾನು ಹೇಳಿರಲಿಲ್ಲ. ಹೇಳುವ ಅಗತ್ಯ ಬಂದಿರಲಿಲ್ಲ. ಅವರು ಕುರಿಯ ಈರಣ್ಣನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಮೊಣಕಾಲನ್ನೂ ಅಳೆದರು. ಈರಣ್ಣ ಗಾಬರಿಯಾಗಿ, "ಬುಡಿ ಸಾಮಿ, ನನ್ನ ಕಾಲಲ್ಲಿ ಏನೈತೆ?" ಎಂದ.

ನಕ್ಷೆ ಬಂತು. ಸಮಿತಿಯ ಮೇಜಿನ ಮೇಲೆ ಅದನ್ನು ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರು. ಕಲಾಮಂದಿರಕ್ಕೂ ವಾಚನಾಲಯಕ್ಕೂ ನಡುವೆ ಗೋಡೆಯುದ್ದಕ್ಕೂ ಪುಸ್ತಕದ ಕಪಾಟುಗಳು. ತಬಲದ ಸದ್ದನ್ನು ಪುಸ್ತಕಗಳು ಹೀರಿಕೊಳ್ಳುತ್ತವಂತೆ. "ಯಾರೂ ಓದದ ಪುಸ್ತಕ ಈ ಕಡೆ ಇಡಿ. ಅವಕ್ಕೂ ಒಂದು ಕೆಲಸ ಆಗುತ್ತೆ" ಎಂದರು. ಹಾರ್ಮೋನಿಯಂ ಮೇಷ್ಟ್ರು ಬಹಳ ಸಂತೋಷಪಟ್ಟರು. ಆಮೇಲೆ ಪಾವಗಡದವರ ಬೆರಳು ದಕ್ಷಿಣದ ಗೋಡೆಯ ಮೇಲೆ ಬಂದು ನಿಂತಿತು. ಅಲ್ಲಿ ಸಂತೆ ಬೀದಿಗೆ ನೇರವಾಗಿ ಒಂದು ದೊಡ್ಡ ಬಾಗಿಲು. ಬುಟ್ಟಿ ಹೊತ್ತವರು ತಲೆ ಬಗ್ಗಿಸದೆ ಒಳಗೆ ಬರುವಷ್ಟು ಎತ್ತರ. ಬಾಗಿಲ ಎರಡೂ ಪಕ್ಕ ಗೋಡೆಯುದ್ದಕ್ಕೂ ಕೂರುವ ಕಟ್ಟೆ, ಅದಕ್ಕೆ ನೆರಳು. ಕಟ್ಟೆಯ ಎತ್ತರ ಎಲ್ಲ ಕಡೆ ಒಂದೇ. ಈರಣ್ಣನ ಮೊಣಕಾಲಿನದು. ಅಲ್ಲಿ ಪತ್ರಿಕೆಗಳನ್ನು ಇಡುತ್ತಾರೆ, ಯಾರು ಬೇಕಾದರೂ ಓದಬಹುದು.

"ದಕ್ಷಿಣಕ್ಕೆ ಬಾಗಿಲಾ?" ಎಂದರು ಹೆಡ್‌ಮಾಸ್ಟರು. "ಅದು ಯಮನ ದಿಕ್ಕಲ್ವಾ ಸಾರ್?"

"ನಮ್ಮ ರಾಯಚರ್ಲು ಕಡೆ ಬಂದು ನೋಡಿ ಮೇಷ್ಟ್ರೇ. ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಲೇಟು. ಎಲ್ಲಾ ದಕ್ಷಿಣಕ್ಕೇ ಮುಖ ಮಾಡಿ ಕೂತವೆ. ಅದರಿಂದ ಬರೋ ಕರೆಂಟಲ್ಲೇ ನಿಮ್ಮ ಮನೆ ದೇವರ ದೀಪ ಉರೀತಿರೋದು. ಯಮ ಏನಾದ್ರೂ ಬಿಲ್ ಕಳಿಸವ್ನಾ?"

ವಾಸ್ತುದವರೇ ಹೇಳಿದ ಮೇಲೆ ಇನ್ನೇನು? ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಎತ್ತಿದ ಕೈಯನ್ನು ಇಳಿಸುವ ಹೊತ್ತಿಗೆ ನನಗೆ ನನ್ನ ಜಗಲಿ ನೆನಪಾಯಿತು.

ಮನೆಗೆ ಬಂದು ಜಗಲಿಯ ಮೇಲೆ ಕೂತು ಎದುರಿನ ಗೋಡೆಯನ್ನು ನೋಡಿದೆ. ಅಲ್ಲಿ ಬಾಗಿಲಾದರೆ, ಕಟ್ಟೆಯಾದರೆ, ಪತ್ರಿಕೆ ಅಲ್ಲೇ ಸಿಕ್ಕರೆ, ನನ್ನ ಜಗಲಿಗೆ ಯಾರು ಬರುತ್ತಾರೆ? ಬರಲಿ ಬಿಡಲಿ, ಈರಣ್ಣ ನನ್ನ ಎದುರಿಗೆ, ನನ್ನ ಎತ್ತರಕ್ಕೆ, ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾನೆ. ಅವನಿಗೂ ನನಗೂ ಯಾವ ಜಗಳವೂ ಇರಲಿಲ್ಲ. ಒಳ್ಳೆಯ ಮನುಷ್ಯ. ಆದರೂ ಆ ಚಿತ್ರ ನನಗೆ ಹಿಡಿಸಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿತ್ತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತಿತ್ತು. ಇರಲಿಲ್ಲ.

ಕೆಲಸ ಶುರುವಾಗಿ ಗೋಡೆಗಳು ಎದ್ದವು. ದಕ್ಷಿಣದ ಬಾಗಿಲಿಗೆ ಜಾಗ ಬಿಟ್ಟು, ಅದರ ತಲೆಯ ಮೇಲೆ ಉದ್ದನೆಯ ಕಲ್ಲಿನ ಚಪ್ಪಡಿಯನ್ನೂ ಕೂರಿಸಿದರು. ಅಷ್ಟರಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಅವರು ಪಾವಗಡ ಬಿಟ್ಟು ಬರುವಂತಿರಲಿಲ್ಲ. ಏನಿದ್ದರೂ ನನಗೆ ಫೋನು ಮಾಡುತ್ತಿದ್ದರು, ನಾನು ಸಮಿತಿಗೆ ಹೇಳುತ್ತಿದ್ದೆ.

ಆ ದಿನಗಳಲ್ಲಿ ಒಂದು ಸಭೆಯಲ್ಲಿ ನಾನು ಎದ್ದು ನಿಂತು, "ಸಾರ್ ಫೋನ್ ಮಾಡಿದ್ರು. ದಕ್ಷಿಣದ ಬಾಗಿಲು ಬೇಡವಂತೆ. ಮತ್ತೆ ಲೆಕ್ಕ ಹಾಕಿ ನೋಡಿದಾಗ ದೋಷ ಕಂಡಿತಂತೆ" ಎಂದೆ.

ಹೆಡ್‌ಮಾಸ್ಟರ ಮುಖ ಅರಳಿತು. "ನಾನು ಆವತ್ತೇ ಹೇಳಿದ್ದೆ. ದೊಡ್ಡವರು, ತಪ್ಪು ಗೊತ್ತಾದ ಕೂಡಲೇ ಒಪ್ಪಿಕೊಂಡರು ನೋಡಿ" ಎಂದರು. ಓಣಿಯ ಹಳೆಯ ಬಾಗಿಲೇ ಇರಲಿ ಎಂದಾಯಿತು. ಬಾಗಿಲೇ ಇಲ್ಲದ ಮೇಲೆ ಕಟ್ಟೆ ಯಾಕೆ ಎಂದು ನಾನೇ ಕೇಳಿದೆ. ಅದನ್ನೂ ಬಿಟ್ಟರು.

ಅವರಿಗೆ ಫೋನು ಮಾಡಿ, ಸಮಿತಿಯವರು ದಕ್ಷಿಣದ ಬಾಗಿಲು ಬೇಡ ಎನ್ನುತ್ತಿದ್ದಾರೆ, ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದೆ. ಆ ಕಡೆ ಯಾರೋ ಮುದುಕಿ ತೆಲುಗಿನಲ್ಲಿ ನೀರು ಕೇಳಿದ್ದು ಕೇಳಿಸಿತು. ನೀರು ಕೊಟ್ಟು ಬಂದರೇನೋ.

"ನೀವೂ ಹೇಳಿ ನೋಡಿದ್ರಿ ಅಂತೀರಾ?"

"ಹೂಂ ಸಾರ್."

"ಸರಿ. ಮೇಲಿನ ಚಪ್ಪಡಿ ತೆಗೀಬೇಡಿ. ಬಾಗಿಲಿನ ಜಾಗ ತುಂಬೋದಾದ್ರೆ ಇಟ್ಟಿಗೆ ಒಂದೇ ಸಾಲು, ಮಣ್ಣಲ್ಲಿ ತುಂಬಿಸಿ. ಸಿಮೆಂಟು ಬೇಡ."

ಗಾರೆಯವರಿಗೆ ಅದನ್ನು ಹಾಗೆಯೇ ಹೇಳಿ ಮಾಡಿಸಿದೆ. ಅವರ ಮಾತನ್ನು ನಾನು ಬದಲಾಯಿಸದೆ ತಲುಪಿಸಿದ್ದು ಆ ಸಲ ಮಾತ್ರ.

ಉದ್ಘಾಟನೆಯ ದಿನ ಅವರು ಬಂದರು. ತಾಯಿ ತೀರಿಕೊಂಡು ತಲೆ ಬೋಳಿಸಿಕೊಂಡಿದ್ದರು. ಕಲಾಮಂದಿರದ ಹೊಸ ವೇದಿಕೆಯ ಮೇಲೆ ಹಾರ್ಮೋನಿಯಂ ಮೇಷ್ಟ್ರು ಪ್ರಾರ್ಥನೆ ಹಾಡಿದರು. ಸದ್ದು ಕೊನೆಯ ಸಾಲಿನವರೆಗೂ ಹೋಯಿತು. ಹೆಡ್‌ಮಾಸ್ಟರು ಮೈಕ್ ಹಿಡಿದು, "ದಕ್ಷಿಣದ ಬಾಗಿಲಿನ ದೋಷವನ್ನು ತಾವೇ ಕಂಡುಹಿಡಿದು, ದೂರದಿಂದ ಫೋನು ಮಾಡಿ, ಅದನ್ನು ಮುಚ್ಚಿಸಿ ಈ ಊರನ್ನು ಕಾಪಾಡಿದ ಮಹನೀಯರು ಇವರು" ಎಂದು ಅವರ ಕಡೆ ತಿರುಗಿದರು. "ಹೌದಲ್ವಾ ಸಾರ್?"

ನಾನು ಅವರ ಹಿಂದೆಯೇ ಹಾರ ಹಿಡಿದು ನಿಂತಿದ್ದೆ. ಅವರು ತಿರುಗಿ ನನ್ನನ್ನು ನೋಡಿದರು. ಮೊಣಕಾಲು ಅಳೆಯುವಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಮೈಕಿನ ಕಡೆ ಬಾಗಿ, "ಹೌದು" ಎಂದರು.

ಚಪ್ಪಾಳೆ ಬಿತ್ತು. ನಾನು ಹಾರ ಹಾಕಿದೆ.

ಸಭೆ ಮುಗಿದ ಮೇಲೆ ಟೀ ಕುಡಿಯಲು ನಮ್ಮ ಮನೆಗೆ ಕರೆದೆ. ನೋಡಾಣ ಎನ್ನುತ್ತಾರೆ ಎಂದುಕೊಂಡಿದ್ದೆ, ಬಂದರು. ಜಗಲಿಯ ಮೇಲೆ ಚಾಪೆ ಹಾಸಿಸಿದ್ದೆ. ಅವರು ಚಾಪೆ ಬಿಟ್ಟು ಕೆಳಗೆ, ಈರಣ್ಣ ಕೂರುವ ಜಾಗದಲ್ಲಿ, ಮಣ್ಣಿನಲ್ಲಿ ಕೂತರು.

"ಅಯ್ಯೋ ಸಾರ್, ಮೇಲೆ ಬನ್ನಿ."

"ಇಲ್ಲೇ ಇರಲಿ ಯಜಮಾನ್ರೇ. ಇಲ್ಲಿಂದ ಹೆಂಗೆ ಕಾಣುತ್ತೆ ಅಂತ ನೋಡಿರಲಿಲ್ಲ."

ಟೀ ಕುಡಿದರು. ಬಸ್ಸು ಬಂತು, ಹೋದರು. ಆಮೇಲೆಯೂ ಆ ದಾರಿಯಲ್ಲಿ ಹೋಗುವಾಗ ಕೆಲವು ಸಲ ಬಂದರು. ಪ್ರತಿ ಸಲವೂ ಕೆಳಗೇ ಕೂತರು. ಬಾಗಿಲಿನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಾಕೆ ಹೌದು ಅಂದಿರಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಬೈಯುತ್ತಿದ್ದರೇನೋ. ಬೈಸಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಅವರ ಬಸ್ಸು ಬರುವುದನ್ನೇ ಕಾಯುತ್ತಾ ನಾನು ಮಳೆಯ ವಿಚಾರ ಮಾತಾಡುತ್ತಿದ್ದೆ.

ವಾಚನಾಲಯ ದೊಡ್ಡದಾಯಿತು, ಬರುವವರು ಮೊದಲಿನಷ್ಟೇ ಉಳಿದರು. ಓಣಿಯ ಚಪ್ಪಡಿ ಈಗಲೂ ಅಲ್ಲಾಡುತ್ತದೆ. ಸಂತೆಗೆ ಬಂದವರು ಗೋಡೆಯ ಈ ಕಡೆ ಕೂತು ಎದ್ದು ಹೋಗುತ್ತಿದ್ದರು. ಗೋಡೆಯ ಆ ಕಡೆ ಪುಸ್ತಕ ಇದೆ ಎಂದು ಅವರಿಗೆ ಯಾರು ಹೇಳಬೇಕು? ಇನ್ನು ನನ್ನ ಜಗಲಿ. ಹಿಟ್ಟು ಪ್ಯಾಕೆಟ್ಟಿನಲ್ಲಿ ಬಂತು, ಸುದ್ದಿ ಫೋನಿನಲ್ಲಿ ಬಂತು. ಮಿಲ್ಲು ನಿಂತಿತು. ಈಗ ಜಗಲಿಯ ಮೇಲೂ ಯಾರೂ ಕೂರುವುದಿಲ್ಲ, ಕೆಳಗೂ ಕೂರುವುದಿಲ್ಲ. ಈರಣ್ಣ ಹೋದ. ನಾನೊಬ್ಬನೇ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದೆ. ಸುಣ್ಣ ಬಳಿದಿದ್ದರೂ ಬಾಗಿಲು ಇದ್ದ ಜಾಗದ ಗೆರೆ ಮಳೆಗಾಲದಲ್ಲಿ ಎದ್ದು ಕಾಣುತ್ತಿತ್ತು.

ಅವರು ತೀರಿಕೊಂಡ ಸುದ್ದಿಯನ್ನು ಪಾವಗಡದ ಬಸ್ಸಿನ ಕಂಡಕ್ಟರು ತಂದ. ಮೊದಲಲ್ಲಿ ಹೇಳಿದ ಸಂತಾಪ ಸಭೆ ಆಗಲೇ ನಡೆದದ್ದು. ನಾನು ಎದ್ದು ನಿಂತು ಹೇಳಿದ ಎರಡು ಮಾತು ಇವು. ಒಂದು, ಅವರು ವಾಸ್ತುದವರಲ್ಲ, ಕಟ್ಟಡ ಕಟ್ಟುವವರು. ಎರಡು, ದಕ್ಷಿಣದ ಬಾಗಿಲನ್ನು ಮುಚ್ಚಿಸಿದ್ದು ಅವರಲ್ಲ, ನಾನು. ಅದನ್ನು ತೆಗೆಯಬೇಕು.

ಸಭೆಯಲ್ಲಿ ಗುಜುಗುಜು ಎದ್ದಿತು. ಹೆಡ್‌ಮಾಸ್ಟರು ನನ್ನ ಭುಜ ಹಿಡಿದು, "ಯಜಮಾನ್ರೇ, ಅವರೇ ಸ್ಟೇಜ್ ಮೇಲೆ ಹೌದು ಅಂದ್ರಲ್ಲ, ನಾವೆಲ್ಲ ಕೇಳಿದೀವಿ. ಹಂಗಾದ್ರೆ ಅವರು ಸುಳ್ಳು ಹೇಳಿದ್ರು ಅಂತೀರಾ?" ಎಂದರು.

"ಹೌದು, ಸುಳ್ಳು ಹೇಳಿದರು" ಎಂದೆ.

ಸಂತಾಪ ಸಭೆಯಲ್ಲಿ ಆಡುವ ಮಾತಲ್ಲ ಅದು. ಹಿಂದಿನ ಸಾಲಿನಿಂದ ಯಾರೋ, "ಸತ್ತೋರ ಮೇಲೆ ಇಂಗಾ ಮಾತಾಡೋದು?" ಎಂದರು. ಹಾರ್ಮೋನಿಯಂ ಮೇಷ್ಟ್ರು, "ವಯಸ್ಸಾಯ್ತು ಕಣ್ರಪ್ಪ, ಬುಡಿ. ದುಃಖಕ್ಕೆ ಏನೋ ಬಂದ್ಬುಡ್ತು ಬಾಯಲ್ಲಿ" ಎಂದು ನನ್ನನ್ನು ಕೂರಿಸಿದರು. ನನ್ನನ್ನು ಉಳಿಸಲು ತೀರಿಕೊಂಡವರು ಅಂದು ವೇದಿಕೆಯ ಮೇಲೆ ಆಡಿದ ಒಂದು ಮಾತೇ ಈಗ ನನಗೆ ಎದುರು ಸಾಕ್ಷಿಯಾಯಿತು. ಆಮೇಲೆ ಮೌನ ಆಚರಿಸಿದರು. ಅವರ ಫೋಟೋವನ್ನು ವಾಚನಾಲಯದಲ್ಲಿ ಹಾಕಬೇಕು, ಕೆಳಗೆ 'ವಾಸ್ತು ಶಿರೋಮಣಿ' ಎಂದು ಬರೆಸಬೇಕು ಎಂದು ಎಲ್ಲರೂ ಕೈ ಎತ್ತಿದರು.

ಹೋದವರ ಫೋಟೋವನ್ನು ದಕ್ಷಿಣದ ಗೋಡೆಗೇ ಹಾಕಬೇಕು ಎಂದು ಹೆಡ್‌ಮಾಸ್ಟರು ಹೇಳಿದರು. ಆ ಗೋಡೆಯಲ್ಲಿ ಕಪಾಟು ಇಲ್ಲದ ಜಾಗ ಒಂದೇ, ನಡುವಿನದು, ಬಾಗಿಲು ತುಂಬಿಸಿದ್ದ ಕಡೆ.

ಫೋಟೋ ಹಾಕಿದ್ದು ಸಂತೆಯ ದಿನ. ಗಾಜು ಹಾಕಿಸಿದ ದೊಡ್ಡ ಚೌಕಟ್ಟು. ಮೊಳೆ ತಡೆಯುವುದಿಲ್ಲ ಎಂದು ಸಿರಾದಿಂದ ಎಲೆಕ್ಟ್ರಿಷಿಯನ್ ರಫೀಕನನ್ನು ಡ್ರಿಲ್ ಮೆಷಿನ್ ಸಮೇತ ಕರೆಸಿದ್ದರು. ಅಲ್ಲಿ ಕೊರೆಯಬೇಡ ಎಂದು ನಾನು ಹೇಳಬಹುದಿತ್ತು. ಇನ್ನೊಂದು ಸಲ ಹೇಳಿ ಇನ್ನೊಂದು ಸಲ ಕೂರಿಸಿಕೊಳ್ಳುವ ಆಸೆ ಇರಲಿಲ್ಲ. ರಫೀಕ ಗೋಡೆಗೆ ಎದೆ ಕೊಟ್ಟು ಬಲವಾಗಿ ಒತ್ತಿದ. ಅಷ್ಟು ಒತ್ತುವ ಅಗತ್ಯವೇ ಇರಲಿಲ್ಲ. ಡ್ರಿಲ್ ಹಿಡಿಯವರೆಗೂ ನುಗ್ಗಿಹೋಯಿತು. ಅವನು ಹಣೆಯನ್ನು ಗೋಡೆಗೆ ಹೊಡೆದುಕೊಂಡ.

"ಯಾ ಅಲ್ಲಾ! ಇದು ಗೋಡೆ ಅಲ್ಲ ಸಾಬ್, ಬಿಸ್ಕತ್ತು!"

ಡ್ರಿಲ್ ಎಳೆದ. ಮಣ್ಣು ಸುರಿಯಿತು. ತೂತಿನಿಂದ ಬೆಳಕು ಬಂದು ಎದುರಿನ ಕಪಾಟಿನ ಮೇಲೆ ಬಿತ್ತು. ಆಚೆ ಕಡೆಯಿಂದ ಸಣ್ಣಕ್ಕನ ಗಂಟಲು ಕೇಳಿಸಿತು.

"ಯಾವೋನ್ಲಾ ಅದು! ಕೊತ್ತಂಬರಿ ಮೇಲೆಲ್ಲ ಮಣ್ಣು ಬಿತ್ತಲ್ಲೋ! ಯಾರಪ್ಪನ ಮನೆ ಸೊಪ್ಪು ಅಂತ ತಿಳ್ಕಂಡೆ?"

ತೂತು ಕತ್ತಲಾಯಿತು. ಅವಳು ಕಣ್ಣಿಟ್ಟಿದ್ದಳು.

"ಒಳಗೇನ್ ಮಾಡ್ತಾ ಇದೀರ್ರೀ?"

ನಾನು ತೂತಿನ ಹತ್ತಿರ ಬಾಯಿ ತಂದು, "ಬಾಗ್ಲು ಇಡ್ತಾ ಇದೀವಿ ಕಣವ್ವ" ಎಂದೆ.

"ಅಂಗಾ! ಇಡಿ ಇಡಿ." ಆಮೇಲೆ ಅವಳು ಬೀದಿಯ ಕಡೆ ತಿರುಗಿ ಕೂಗಿದ್ದು ಕೇಳಿಸಿತು. "ಲೇ, ಇಲ್ಲಿ ಬಾಗ್ಲು ಮಾಡ್ತಾರಂತೆ ಕಣ್ರೋ!"

ಸಂತೆಯೆಲ್ಲ ಆ ಕ್ಷಣವೇ ನಂಬಿತು. ನಾನು ನಿಜ ಹೇಳಿದಾಗ ಒಬ್ಬರೂ ನಂಬಿರಲಿಲ್ಲ.

ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡಿದರು. "ಯಾರ್ರೀ ಹೇಳಿದ್ದು ಬಾಗಿಲು ಇಡೋಕೆ?"

"ಅವರೇ" ಎಂದು ಗೋಡೆಗೆ ಒರಗಿಸಿಟ್ಟಿದ್ದ ಫೋಟೋವನ್ನು ತೋರಿಸಿದೆ. "ಆವತ್ತು ಫೋನಲ್ಲಿ ಹೇಳಿದ್ರು. ದೋಷ ಇರೋದು ನಾನು ಇರೋ ತನಕ ಮಾತ್ರ, ನಾನು ಹೋದ ಮೇಲೆ ತೆಗೀರಿ ಅಂದ್ರು. ಅದಕ್ಕೇ ಮಣ್ಣಲ್ಲಿ ತುಂಬಿಸಿದ್ದು. ಮೇಲಿನ ಚಪ್ಪಡಿ ಹಂಗೇ ಬಿಡಿಸಿದ್ದು."

ಹೆಡ್‌ಮಾಸ್ಟರು ತೂತಿನೊಳಗೆ ಬೆರಳಿಟ್ಟು, ಬಂದ ಮಣ್ಣನ್ನು ಉಜ್ಜಿ ನೋಡಿದರು. ಸಿಮೆಂಟು ಇರಲಿಲ್ಲ. ತಲೆ ಎತ್ತಿ ಚಪ್ಪಡಿಯನ್ನು ನೋಡಿದರು. ಅದೂ ಇತ್ತು.

"ಮತ್ತೆ ಹೋದ ಸಲ ಏನೇನೋ ಅಂದ್ರಲ್ಲ?"

"ಇದನ್ನೇ ಹೇಳೋಕೆ ಹೋದೆ. ಗಾಬರೀಲಿ ತಪ್ಪಾಗಿ ಬಂತು."

"ನಾನು ಆವತ್ತೇ ಅಂದ್ಕೊಂಡೆ" ಎಂದು ಅವರು ಫೋಟೋಗೆ ಕೈ ಮುಗಿದರು. "ಎಷ್ಟು ಮುಂದಾಲೋಚನೆ ನೋಡಿ."

ಮುಂದಿನ ಸಂತೆಯ ಹೊತ್ತಿಗೆ ಗಾರೆಯವರು ಮಣ್ಣನ್ನೆಲ್ಲ ತೆಗೆದರು. ಬಹಳ ಕೆಲಸವೇನೂ ಇರಲಿಲ್ಲ. ಕಟ್ಟೆ ಇನ್ನೂ ಆಗಬೇಕು, ಈರಣ್ಣನ ಮೊಣಕಾಲಿನ ಅಳತೆ ಹಳೆಯ ನಕ್ಷೆಯಲ್ಲಿದೆ. ಫೋಟೋ ಹಾಕಲು ಗೋಡೆಯೇ ಇಲ್ಲದ್ದರಿಂದ ಅದನ್ನು ಬಾಗಿಲ ಪಕ್ಕದಲ್ಲಿ ನೆಲದ ಮೇಲೇ ಒರಗಿಸಿ ಇಟ್ಟಿದ್ದರು. ನಾನು ಅದರ ಪಕ್ಕ ನೆಲದಲ್ಲಿ ಕೂತಿದ್ದೆ. ಕೂರಲು ಸ್ವಲ್ಪ ಕಷ್ಟವಾಯಿತು, ಮಂಡಿ ಹಿಡಿದುಕೊಂಡಿದೆ.

ಸಣ್ಣಕ್ಕ ಬುಟ್ಟಿ ಹೊತ್ತುಕೊಂಡು ಬೀದಿಯಿಂದ ನೇರವಾಗಿ ಒಳಗೆ ಬಂದಳು. ಹೊಸ್ತಿಲಲ್ಲಿ ಅಭ್ಯಾಸಬಲದಿಂದ ಬುಟ್ಟಿಗೆ ಕೈ ಹಾಕಿ ತಲೆ ಬಗ್ಗಿಸಲು ಹೋದಳು, ಮೇಲೆ ನೋಡಿದಳು, ಬಗ್ಗಿಸದೆಯೇ ಬಂದಳು. ಸುತ್ತ ಕಪಾಟುಗಳನ್ನು ನೋಡಿದಳು. ನೆಲದಲ್ಲಿ ಕೂತಿದ್ದ ನನ್ನನ್ನು ನೋಡಿದಳು. ಆಮೇಲೆ ಫೋಟೋವನ್ನು ನೋಡಿದಳು. ಕೆಳಗೆ ಬರೆದದ್ದನ್ನು ಓದಲು ಅವಳಿಗೆ ಬರುವುದಿಲ್ಲ.

"ಅಯ್, ಇದು ನಮ್ಮ ಟೇಪಪ್ಪ ಅಲ್ವಾ?" ಎಂದು ಬುಟ್ಟಿ ಇಳಿಸಿ ನನ್ನ ಪಕ್ಕದಲ್ಲಿ ಕೂತಳು. "ಸ್ವಲ್ಪ ಅತ್ತಗೆ ಸರ್ಕಳಿ ಯಜಮಾನ್ರೇ."

ಸರಿದು ಕೂತೆ.